ಸಾಹೇಬರ ಸಹಿಗೆ ಬಿಟ್ಟ ಜಾಗ

ಕೆಲವರಿಗೆ ಸ್ನಾನದ ಮನೆಯಲ್ಲಿ ಮಾತ್ರ ಹಾಡು ಬರುತ್ತದೆ. ನನಗೆ ಇನ್ನೊಬ್ಬರ ಹೆಸರಿನಲ್ಲಿ ಮಾತ್ರ ಬರೆಯಲು ಬರುತ್ತದೆ. ಇದನ್ನು ಐವತ್ತೊಂದನೆಯ ವಯಸ್ಸಿನಲ್ಲಿ, ಅದೂ ಎಂ.ಎ. ಓದಲು ಹೋಗಿ ಕಂಡುಕೊಂಡೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಪತ್ರಗಳ ಡ್ರಾಫ್ಟು ಬರೆಯುವುದೇ ನನ್ನ ಕಸುಬು. ನಾನು ಬರೆಯುತ್ತೇನೆ, ಸಾಹೇಬರು ಸಹಿ ಮಾಡುತ್ತಾರೆ. ಎಷ್ಟೋ ಜನ ಸಾಹೇಬರು ಬಂದು ಹೋದರು. ಒಬ್ಬರ ಪರವಾಗಿ ಸಿಟ್ಟಾಗಿದ್ದೇನೆ, ಇನ್ನೊಬ್ಬರ ಪರವಾಗಿ ವಿಷಾದಿಸಿದ್ದೇನೆ. ಒಬ್ಬರ ಮಗಳ ಮದುವೆಯ ಆಮಂತ್ರಣದಲ್ಲಿ ‘ನಮ್ಮ ಮುದ್ದಿನ ಮಗಳು’ ಎಂದು ಬರೆದು ನಾನೇ ಕಣ್ಣೊರೆಸಿಕೊಂಡಿದ್ದೂ ಉಂಟು, ಆ ಹುಡುಗಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನನ್ನ ಪದ್ಧತಿಯೇ ಹಾಗೆ. ಮೊದಲು ಹಾಳೆಯ ಬುಡದಲ್ಲಿ ಸಾಹೇಬರ ಹೆಸರು, ಹುದ್ದೆ ಟೈಪು ಮಾಡುತ್ತೇನೆ. ಅದರ ಮೇಲೆ ಸಹಿಗೆ ನಾಲ್ಕು ಬೆರಳು ಜಾಗ ಬಿಡುತ್ತೇನೆ. ಆಮೇಲೆ ಹಾಳೆಯ ತಲೆಗೆ ಹೋಗಿ ಶುರು ಮಾಡಿದರೆ ಮಾತು ತಾನೇ ಇಳಿದುಕೊಂಡು ಬಂದು ಆ ಹೆಸರನ್ನು ಮುಟ್ಟುತ್ತದೆ.

ಕೆಲಸದಲ್ಲಿರುವ ಸರ್ಕಾರಿ ನೌಕರರಿಗಾಗಿ ಶನಿವಾರ, ಭಾನುವಾರಗಳಂದು ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ತರಗತಿ ನಡೆಸುತ್ತಾರೆಂದು ಸುತ್ತೋಲೆ ಬಂದಾಗ ಅದನ್ನು ಎಲ್ಲರಿಗೂ ಕಳಿಸುವ ಟಿಪ್ಪಣಿ ಬರೆದವಳೂ ನಾನೇ. ಬರೆಯುತ್ತ ಬರೆಯುತ್ತ ನನಗೇ ಆಸೆಯಾಯಿತು. ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಬೀದರಿನವರು, ಇಲ್ಲಿಯ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫೋರ್‌ಮನ್. ಯಾವುದಕ್ಕೂ ಬೇಡ ಎನ್ನುವವರಲ್ಲ, ಆದರೆ ಕೇಳದೆ ಬಿಡುವವರೂ ಅಲ್ಲ.

“ದಿನಾ ಎಂಟು ತಾಸು ಸರ್ಕಾರ ನಡೆಸಿ ಬರ್ತಿ. ರವಿವಾರನೂ ಅದನ್ನ ಓದಾಕ ಹೋಗ್ತಿಯೇನು?” ಎಂದರು.

“ನನ್ನ ಹೆಸರಿಂದು ಅಂತ ಒಂದರ ಇರ್ಲಿ ಬಿಡ್ರಿ” ಎಂದೆ.

“ಗ್ಯಾಸಿನ ಪುಸ್ತಕ ನಿನ್ನ ಹೆಸರಿನ್ಯಾಗ ಐತೆಲ್ಲ?”

ಅವರು ತಮಾಷೆಗೇ ಹೇಳಿದ್ದು. ಆದರೆ ನಾನು ನಿಜವಾಗಿಯೂ ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷ ಬರೆದ ರಾಶಿ ರಾಶಿ ಕಾಗದಗಳಲ್ಲಿ ಒಂದರ ಕೆಳಗೂ ನನ್ನ ಹೆಸರಿಲ್ಲ. ಸಾಯುವುದರೊಳಗೆ ನಾನು ಬರೆದದ್ದೊಂದು ನನ್ನ ಹೆಸರಿನಲ್ಲಿ ಎಲ್ಲಾದರೂ ಕಪಾಟಿನಲ್ಲಿ ಕೂತಿರಬೇಕು, ಯಾರೂ ಓದದಿದ್ದರೂ ಚಿಂತೆಯಿಲ್ಲ ಎಂದು ಅವತ್ತು ಬಹಳ ಅನ್ನಿಸಿತು. ಆ ಕೋರ್ಸಿನ ಕೊನೆಗೆ ಒಂದು ಪ್ರಬಂಧ ಬರೆದು, ರಟ್ಟು ಹಾಕಿಸಿ ಒಪ್ಪಿಸಬೇಕಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ.

ತರಗತಿ ನಾಂಪಲ್ಲಿಯ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ನಾನು ಸಿಕಂದರಾಬಾದಿನಿಂದ ಲೋಕಲ್ ರೈಲಿನಲ್ಲಿ, ಹುಸೇನ್ ಸಾಗರದ ಗಾಳಿಗೆ ಅರ್ಧ ನಿದ್ದೆ ಮಾಡುತ್ತ ಹೋಗುತ್ತಿದ್ದೆ. ಉಳಿದರ್ಧವನ್ನು ತರಗತಿಯಲ್ಲಿ ಮಾಡುತ್ತಿದ್ದೆ. ಕಿಟಕಿಯಾಚೆ ಬೇವಿನ ಮರ, ಅದರಾಚೆ ಜನವರಿಯಲ್ಲಿ ನುಮಾಯಿಷಿನ, ಅಂದರೆ ವರ್ಷಕ್ಕೊಮ್ಮೆಯ ವಸ್ತುಪ್ರದರ್ಶನದ, ದೊಡ್ಡ ತಿರುಗುವ ತೊಟ್ಟಿಲು. ಹಗಲಿನಲ್ಲಿ ಅದು ಬಹುಮಟ್ಟಿಗೆ ಖಾಲಿಯಾಗಿಯೇ ನಿಂತಿರುತ್ತಿತ್ತು. ಮೇಷ್ಟ್ರು ಅಧಿಕಾರಶ್ರೇಣಿಯ ಬಗ್ಗೆ ಹೇಳುತ್ತಿದ್ದರೆ ನಾನು ಅದರ ತುದಿಯ ಬುಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ. ಕೆಳಗೆ ಊರೆಲ್ಲ ಬಿಸಿಲಿನ ಮಂಜಿನಲ್ಲಿ ತೇಲುತ್ತಿದೆ, ನನ್ನ ಮಡಿಲಲ್ಲಿ ನನ್ನ ಪುಸ್ತಕ. ಎಷ್ಟು ಸುಖವಾದ ಎಂ.ಎ. ಅದು! ಅಷ್ಟರಲ್ಲಿ ಪಕ್ಕದ ಕಂದಾಯ ಇಲಾಖೆಯವರ ಗೊರಕೆ ನನ್ನನ್ನು ಕೆಳಗಿಳಿಸುತ್ತಿತ್ತು.

ಹೇಳಲು ಮರೆತೆ, ನಮ್ಮ ತರಗತಿಯಲ್ಲಿ ಕೂರುವುದು ಹುದ್ದೆಯ ಪ್ರಕಾರ. ಯಾರೂ ಹೇಳಿದ್ದಲ್ಲ. ಮೊದಲ ದಿನವೇ ಗೆಜೆಟೆಡ್ ಅಧಿಕಾರಿಗಳು ಮೊದಲ ಸಾಲಿನಲ್ಲಿ, ಮಿಕ್ಕವರು ಸಂಬಳದ ಇಳಿಮುಖದಲ್ಲಿ ಹಿಂದೆ ಹಿಂದೆ ಕೂತುಬಿಟ್ಟೆವು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದವರೂ ಮೊದಲ ಸಾಲು ಬಾಯಿ ಬಿಡುವವರೆಗೆ ಕಾಯುತ್ತಿದ್ದರು. ಆ ಸಾಲಿನ ನಡುವೆ ನನ್ನ ಸಾಹೇಬರೇ ಇದ್ದರು. ವಿಜಯಪುರದ ಕಡೆಯ ದೇಸಾಯಿ ಸಾಹೇಬರು. ಒಳ್ಳೆಯ ಮನುಷ್ಯ. ಬಡ್ತಿಗೆ ಅನುಕೂಲವಾದೀತೆಂದು ಅವರೂ ಸೇರಿದ್ದರು. ಕಚೇರಿಯಲ್ಲಿ ಎಲ್ಲರ ಹತ್ತಿರ ಹಿಂದಿ, ನಾವಿಬ್ಬರೇ ಇದ್ದಾಗ ಕನ್ನಡ.

ಮೊದಲ ಅಸೈನ್‌ಮೆಂಟಿನ ವಿಷಯ, ‘ಕೈಕೆಳಗಿನವರಿಗೆ ಅಧಿಕಾರ ಹಂಚುವುದು ಹೇಗೆ’. ಸೋಮವಾರ ಸಾಹೇಬರು ಕರೆದರು. “ಪದ್ಮಾಬಾಯಾರ, ಆ ಅಸೈನ್‌ಮೆಂಟಿಂದು ಒಂದು ಡ್ರಾಫ್ಟ್ ಹಾಕ್ರೆಲ್ಲ” ಎಂದರು. “ಹಾಕ್ತೀನ್ರಿ ಸರ್” ಎಂದೆ. ಇದರಲ್ಲಿ ಏನಾದರೂ ತಪ್ಪಿದೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬುಡದಲ್ಲಿ ಅವರ ಹೆಸರು ಟೈಪು ಮಾಡಿದೆ, ಊಟದ ವೇಳೆಯೊಳಗೆ ಹನ್ನೆರಡು ಪುಟ ಮುಗಿಯಿತು. ಆಮೇಲೆ ನನ್ನದು ಬರೆಯಲು ಕೂತೆ. ಮೂರು ದಿನಕ್ಕೆ ಎರಡು ಪುಟ. ಸಾಹೇಬರಿಗೆ ತರಗತಿಗೇ ಹೆಚ್ಚು ಅಂಕ ಬಂತು. ನನ್ನ ಹಾಳೆಯ ಮೇಲೆ ಅಸೈನ್‌ಮೆಂಟು ತಿದ್ದುವ ನಮ್ಮ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಂತಿದ್ದ ತೆಲುಗು ಹೆಣ್ಣುಮಗಳು, ಕೆಂಪು ಶಾಯಿಯಲ್ಲಿ ‘ಇದರಲ್ಲಿ ನೀವು ಎಲ್ಲಿದ್ದೀರಿ?’ ಎಂದು ಬರೆದಿದ್ದರು. ಮೊದಲ ಸಾಲಿನಲ್ಲಿ ಕೂತವರ ಹನ್ನೆರಡು ಪುಟದಲ್ಲಿದ್ದೇನೆ ಎಂದು ಹೇಳುವ ಹಾಗಿರಲಿಲ್ಲ.

ಕೊನೆಯ ಪ್ರಬಂಧಕ್ಕೆ ನಾನು ನಮ್ಮ ಕಚೇರಿಯ ಕೌಂಟರಿನ ಮುಂದೆ ನಿಲ್ಲುವವರನ್ನೇ ಆರಿಸಿಕೊಂಡೆ. ಅದು ಕಾರ್ಮಿಕರ ನೋಂದಣಿಯ ಕೌಂಟರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಫಾರಂ ಹಿಡಿದು ನಿಂತಿರುತ್ತಾರೆ. ಫಾರಂ ಇಂಗ್ಲಿಷಿನಲ್ಲಿ, ಬೋರ್ಡು ತೆಲುಗಿನಲ್ಲಿ, ಗದರುವುದು ಹಿಂದಿಯಲ್ಲಿ. ಅವರು ಕೂಡಲೇ ಏನೂ ಕೇಳುವುದಿಲ್ಲ. ಒಳಗೆ ಕೂತವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, ಬೈಯದ ಮುಖ ಯಾವುದು ಎಂದು ಗೊತ್ತುಮಾಡಿಕೊಂಡು ಆ ಕಡೆ ಸರಿಯುತ್ತಾರೆ. ಒಬ್ಬ ಹೆಣ್ಣುಮಗಳು ಒಮ್ಮೆ ನನ್ನ ಕಿಟಕಿಗೆ ಬಂದು, “ಯಕ್ಕಾ, ನೀ ನಮ್ಮ ಕಡೆಯಾಕಿ ಅನಸ್ತು. ಅದಕ್ಕ ತಾಸೊತ್ತು ನಿನ್ನ ಮಾರಿ ನೋಡ್ಕೋಂತ ನಿಂತಿದ್ದೆ” ಎಂದಿದ್ದಳು. ಇವನ್ನೆಲ್ಲ ಬರೆಯಬೇಕೆಂದು ರೈಲಿನಲ್ಲಿ, ತೊಟ್ಟಿಲಿನ ಬುಟ್ಟಿಯಲ್ಲಿ, ಕುಕ್ಕರಿನ ಮುಂದೆ ಕನಸು ಕಂಡಿದ್ದೇ ಕಂಡಿದ್ದು. ಹಾಳೆಯ ಮುಂದೆ ಕೂತರೆ ಮಾತ್ರ ಒಂದಕ್ಷರ ಇಳಿಯದು. ಬುಡದಲ್ಲಿ ನನ್ನ ಹೆಸರು ಹಾಕಿ ನೋಡಿದೆ. ಅದನ್ನು ನೋಡಿದರೆ ಯಾರೋ ಅರ್ಜಿ ಹಾಕಿಕೊಂಡವರ ಹೆಸರಿನಂತೆ ಕಾಣುತ್ತಿತ್ತು. ಒಪ್ಪಿಸಲು ಮೂರು ವಾರ ಉಳಿದಾಗ ಹೆದರಿಕೆ ಹತ್ತಿತು. ಬೇರೆ ದಾರಿ ಕಾಣದೆ ನನ್ನ ಹೆಸರು ಅಳಿಸಿ, ಸಾಹೇಬರ ಹೆಸರು, ಹುದ್ದೆ ಟೈಪು ಮಾಡಿ, ನಾಲ್ಕು ಬೆರಳು ಜಾಗ ಬಿಟ್ಟೆ.

ಸುರಿಯಿತು ನೋಡಿ! ಎಂಬತ್ತು ಪುಟ. ಕೌಂಟರಿನ ಜನರೆಲ್ಲ ಸಾಲಾಗಿ ಒಳಗೆ ಬಂದು ಕೂತರು. ಮುಗಿದ ಮೇಲೆ ಹೆಸರು ಬದಲಿಸುವುದೆಂದುಕೊಂಡಿದ್ದೆ. ಮುಗಿದ ಸಂತೋಷದಲ್ಲಿ ರಟ್ಟಿನ ಬಣ್ಣದ ಕನಸು ಕಾಣುತ್ತ ಕೂತೆನೇ ಹೊರತು ಅದು ನೆನಪಾಗಲಿಲ್ಲ. ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು, ಎಂಬತ್ತನೆಯ ಪುಟದ ಬುಡದಲ್ಲಿ ಸಾಹೇಬರ ಹೆಸರು. ಇಷ್ಟಕ್ಕೇ ನಿಂತಿದ್ದರೆ ಏನೋ ಸರಿಹೋಗುತ್ತಿತ್ತು. ಆದರೆ ನೌಕರರ ಪ್ರಬಂಧಕ್ಕೆ ಕಚೇರಿಯ ಮುಖ್ಯಸ್ಥರು ಅನುಮತಿ ಪುಟದಲ್ಲಿ ಸಹಿ ಮಾಡಬೇಕೆಂದು ನಿಯಮ. ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಅನುಮತಿ ಪುಟಕ್ಕೆ ಸಹಿ ಹಾಕಿದರು, ಪುಟ ತಿರುವಿದರು, ಕೊನೆಯಲ್ಲಿ ತಮ್ಮ ಹೆಸರು, ಅದರ ಮೇಲೆ ಜಾಗ ಕಂಡರು, ಅಲ್ಲೂ ಹಾಕಿದರು. ಹಸಿರು ಶಾಯಿಯಲ್ಲಿ, ತಾರೀಖಿನ ಸಮೇತ. ನಾನು ತೆರೆದು ನೋಡದೆ ಹಾಗೆಯೇ ಒಯ್ದು ಒಪ್ಪಿಸಿಬಿಟ್ಟೆ.

ಮುಂದಿನ ಶನಿವಾರ ಮೇಡಂ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಎಂಬತ್ತನೆಯ ಪುಟ ತೆರೆದಿಟ್ಟಿದ್ದರು, ಪಕ್ಕದಲ್ಲಿ ಸಾಹೇಬರ ಹಳೆಯ ಹನ್ನೆರಡು ಪುಟ. ಬರವಣಿಗೆಯ ಶೈಲಿ ಒಂದೇ ಕೈಯದು, ಯಾರ ಕೈ ಎಂದು ಈಗಲೇ ಗೊತ್ತಾಗಬೇಕು, ಇಲ್ಲದಿದ್ದರೆ ಪ್ರಬಂಧವನ್ನು ತಳ್ಳಿಹಾಕುತ್ತೇನೆ ಎಂದು ಮೆತ್ತಗೆ ಹೇಳಿದರು. ನನ್ನದು ಎನ್ನಲು ಬಾಯಿ ತೆರೆದೆ. ಸಾಹೇಬರು ಮುಂದೆ ನಿಂತಿರುವಾಗ ಅವರಿಗಿಂತ ಮೊದಲು ಮಾತಾಡಿ ನನಗೆ ಅಭ್ಯಾಸವಿಲ್ಲ. ಬಾಯಿ ಮುಚ್ಚಿಕೊಂಡಿತು. ಇಷ್ಟು ಹತ್ತಿರ ಬಂದ ನನ್ನ ಒಂದೇ ಒಂದು ಪುಸ್ತಕ ಕಣ್ಣೆದುರೇ ಕೈತಪ್ಪುತ್ತಿತ್ತು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಎರಡೂ ಇವರದೇ, ಮೇಡಂ. ನನ್ನದು ಸಹಿ ಮಾತ್ರ” ಎಂದು ಹಿಂದಿಯಲ್ಲಿ ಹೇಳಿದರು. ಅವರ ಕಿವಿಗಳು ಕೆಂಪಾಗಿದ್ದವು. ನನಗೆ ಅಳು ಬಂತು. ಮೇಡಂ ಆ ಹನ್ನೆರಡು ಪುಟ ಎತ್ತಿ ಪಕ್ಕಕ್ಕಿಟ್ಟು, ಸಾಹೇಬರ ಅಂಕ ರದ್ದು, ಆ ಅಸೈನ್‌ಮೆಂಟನ್ನು ಅವರು ತಾವೇ ಮತ್ತೆ ಬರೆಯಬೇಕು ಎಂದರು. ಪ್ರಬಂಧ ಪೂರ್ತಿ ನನ್ನದೇ ಎಂದು ಸಾಹೇಬರು ಪತ್ರ ಬರೆದುಕೊಟ್ಟರೆ ಸಾಕು, ನನ್ನದನ್ನು ಸ್ವೀಕರಿಸುತ್ತೇನೆ ಎಂದೂ ಹೇಳಿದರು.

ಮೆಟ್ಟಿಲಿಳಿಯುತ್ತ ಸಾಹೇಬರು ನಿಂತರು. “ಪದ್ಮಾಬಾಯಾರ, ಆ ಪತ್ರದ್ದು...” ಎಂದು ತಡವರಿಸಿದರು.

“ಡ್ರಾಫ್ಟ್ ಹಾಕ್ತೀನ್ರಿ ಸರ್” ಎಂದೆ.

ಸೋಮವಾರ ಬೆಳಿಗ್ಗೆ ಹಾಕಿದೆ. ಈ ಪ್ರಬಂಧವು ಪೂರ್ಣವಾಗಿ ಶ್ರೀಮತಿ ಪದ್ಮಾ ಅವರದೇ ಎಂದು ಶುರುಮಾಡಿ, ನನ್ನ ಶ್ರದ್ಧೆ, ಸೂಕ್ಷ್ಮದೃಷ್ಟಿ ಎಲ್ಲವನ್ನೂ ಸಾಹೇಬರ ಬಾಯಿಂದ ಹೊಗಳಿಸಿದೆ. ನನ್ನನ್ನು ನಾನು ಹೊಗಳಿಕೊಳ್ಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಸಾಹೇಬರು ಪೆನ್ನು ತೆಗೆದರು. ಆದರೆ ಅವತ್ತು ಸಹಿಗೆ ಮುಂಚೆ, ನನ್ನನ್ನು ಎದುರಿಗೆ ಕೂರಿಸಿಕೊಂಡು, ಬೆರಳಿಟ್ಟುಕೊಂಡು ಪೂರ್ತಿ ಓದಿದರು. ಕೊನೆಯ ಸಾಲಿನ ಹತ್ತಿರ ಬೆರಳು ನಿಂತಿತು. ‘ಈ ಕಾರ್ಯದ ಪ್ರತಿ ಹಂತದಲ್ಲೂ ಅಗತ್ಯವಾದ ಮಾರ್ಗದರ್ಶನವನ್ನು ನಾನು ಸಂತೋಷದಿಂದ ನೀಡಿರುತ್ತೇನೆ’ ಎಂದಿತ್ತು. ಅದನ್ನು ಯಾವಾಗ ಬರೆದೆನೋ ದೇವರಾಣೆಗೂ ನನಗೆ ನೆನಪಿಲ್ಲ.

“ಇದು ಸುಳ್ಳು ಐತ್ರೀ” ಎಂದು ಸಾಹೇಬರು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದರು.

ಪ್ರಬಂಧ ಸ್ವೀಕಾರವಾಯಿತು. ಈಗ ಅದು ನನ್ನ ಹೆಸರಿನಲ್ಲಿ ಅಲ್ಲಿಯ ಕಪಾಟಿನಲ್ಲಿದೆ. ಸಾಹೇಬರಿಗೆ ನಾನು ಜನ್ಮವಿಡೀ ಋಣಿ. ಆದರೂ ಒಂದು ಮಾತು ನಿಮ್ಮ ಹತ್ತಿರ ಮುಚ್ಚಿಡಲಾರೆ. ಆ ಗೆರೆ ಎಳೆದಾಗ ನನಗೆ ಮೈ ಉರಿದುಹೋಯಿತು. ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಸಾಲು ಅದೇ ಆಗಿತ್ತು.