ಕ್ಯಾಮೆಲಿಯಾಕ್ಕೊಂದು ಟ್ರಯಲ್

ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಒಂದು ರೆಂಬೆ ಕತ್ತರಿಸಲು ಬರುವುದಿಲ್ಲ ಎಂದರೆ ಯಾವ ಟೈಲರಿಗೆ ತಾನೇ ಮೈ ಉರಿಯುವುದಿಲ್ಲ, ನೀವೇ ಹೇಳಿ!

ಹಾಗೆಂದವರು ನನ್ನ ಹೆಂಡತಿಯ ಅಕ್ಕ. ಹೈಸ್ಕೂಲಿನ ಹೆಡ್‌ಮಿಸ್ಸು, ಬೀಗರನ್ನೂ ಬೆಂಚಿನ ಮೇಲೆ ನಿಲ್ಲಿಸಿ ಮಾತಾಡಿಸುವ ಪೈಕಿ. ಅವರು ಕೊಟ್ಟ ಕ್ಯಾಮೆಲಿಯಾ ಹೂವಿನ ಗಿಡವೆಂದರೆ ನನ್ನವಳಿಗೆ ಪಂಚಪ್ರಾಣ. (ಚಹಾ ಗಿಡಕ್ಕೆ ಚಿಕ್ಕಪ್ಪನ ಮಗಳಾಗಬೇಕಂತೆ. ಎರಡೆಲೆ ಕುದಿಸಿ ನೋಡೋಣವೆಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.)

"ಮುಂದಿನ ಸಲ ನಾನು ಬರೋ ಹೊತ್ತಿಗೆ ಇದರ ರೆಂಬೆಯಿಂದ ಇನ್ನೊಂದು ಗಿಡ ಮಾಡಿ ಕೊಡಿ. ಆಗ್ಲಿಲ್ವಾ, ಇದನ್ನೇ ಕಿತ್ಕೊಂಡು ಹೋಗ್ತೀನಿ!" ಎಂದು ಅಕ್ಕ ಫರ್ಮಾನು ಹೊರಡಿಸಿದರು.

ಹೆಂಡತಿಯ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. "ಒಂದೇನು, ಹತ್ತು ಕೊಡ್ತೀನಿ!" ಎಂದುಬಿಟ್ಟೆ.

ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತಲಾ ನಾಲ್ಕೂವರೆ ಇಂಚಿನ ಹತ್ತು ಕಡ್ಡಿಗಳನ್ನು ಮರಳು ತುಂಬಿದ ಹತ್ತು ಕುಂಡಗಳಲ್ಲಿ ಊರಿದೆ. ಅಳತೆಗೆ ಕಮ್ಮಿ ಬಂದ ಒಂದು ಚೂರನ್ನು ಎಸೆದೆ. "ಬೇರು ಬರೋಕೆ ಮೂರು ತಿಂಗಳು ಬೇಕು, ಮುಟ್ಟಬೇಡಿ" ಎಂದಿದ್ದ ನರ್ಸರಿಯವನು. ಆದರೆ ಟ್ರಯಲ್ ನೋಡದೆ ನಾನು ಯಾವ ಬಟ್ಟೆಯನ್ನೂ ಕೊಟ್ಟವನಲ್ಲ. ಪ್ರತಿ ಭಾನುವಾರ ಒಂದೊಂದನ್ನೇ ಕಿತ್ತು, ಕನ್ನಡಕ ಏರಿಸಿ, ಬೇರು ಬಂತೇ ಎಂದು ಪರೀಕ್ಷಿಸಿ ಮತ್ತೆ ಊರುತ್ತಿದ್ದೆ.

"ಅವನ್ನ ನೆಮ್ಮದಿಯಾಗಿ ಇರೋಕೆ ಬಿಡ್ರೀ!" ಎನ್ನುತ್ತಿದ್ದಳು ಹೆಂಡತಿ.

"ಟ್ರಯಲ್ ನೋಡದೆ ಫಿಟ್ಟಿಂಗ್ ಹೇಗೆ ಗೊತ್ತಾಗುತ್ತೆ?"

ಆತುರಗಾರನಿಗೆ ಬುದ್ಧಿ ಮಟ್ಟ. ಮೂರನೇ ತಿಂಗಳಿಗೆ ಹತ್ತೂ ಒಣಗಿ ಒಲೆಗೆ ಲಾಯಕ್ಕಾದವು.

ಅಕ್ಕ ಬರುವ ದಿನವೂ ಬಂತು. ಹೆಂಡತಿ ತಣ್ಣಗೆ ತರಕಾರಿ ಹೆಚ್ಚುತ್ತಿದ್ದಳು. ದುಃಖ ಹೆಚ್ಚಾಗಿ ಹೀಗಾಗಿದ್ದಾಳೆಂದು ನನ್ನ ಕರುಳು ಚುರುಕ್ಕೆಂದಿತು. ಹಿತ್ತಿಲಿಗೆ ಓಡಿ, ಗಿಡದ ಅತ್ಯಂತ ಸೊಂಪಾದ ರೆಂಬೆಯನ್ನು ಚಕ್ಕನೆ ಕತ್ತರಿಸಿ, ಕುಂಡದಲ್ಲಿ ಊರಿ, ಜಗುಲಿಯಲ್ಲಿಟ್ಟೆ.

"ಪರವಾಗಿಲ್ವೇ ಟೈಲರ್ ಸಾಹೇಬ್ರು! ಬೇರು ಬಂದಿದೆಯಾ?" ಎಂದರು ಅಕ್ಕ.

"ಬಂದಿದೆಯಾ ಅಂತೀರಾ! ಕುಂಡದ ತಳ ಮುಟ್ಟಿದೆ!"

"ಹೌದಾ? ಒಂದು ಟ್ರಯಲ್ ನೋಡೇ ಬಿಡೋಣ."

ಎರಡೇ ಬೆರಳಲ್ಲಿ ಎತ್ತಿದರು. ರೆಂಬೆ ಸಲೀಸಾಗಿ ಬಂತು. ಹಸಿ ಹಸಿ ಬುಡ. ನಾನು ಇಂಗು ತಿಂದ ಮಂಗನಂತೆ ನಿಂತೆ.

"ಗುದ್ದಲಿ ಎಲ್ಲಿದೆ?" ಎಂದು ಅಕ್ಕ ಸೆರಗು ಸಿಕ್ಕಿಸಿದರು.

ಅಷ್ಟರಲ್ಲಿ ಹೆಂಡತಿ ಬಚ್ಚಲಮನೆಯ ಹಿಂದಿನಿಂದ ಹಿಡಿ ಮುರಿದ ಮಗ್ಗೊಂದನ್ನು ತಂದಿಟ್ಟಳು. ಅದರಲ್ಲಿ ಮೂರು ಹೊಳೆಯುವ ಚಿಗುರೆಲೆ. ತಳದ ತೂತಿನಿಂದ ಬಿಳಿ ಬೇರು ಇಣುಕುತ್ತಿತ್ತು.

"ಅಳತೆಗೆ ಕಮ್ಮಿ ಅಂತ ಎಸೆದಿದ್ರಲ್ಲ, ಆ ಚೂರು," ಎಂದಳು.

"ನಂಗ್ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಹೇಳಿದ್ದಿದ್ರೆ ಭಾನುವಾರ ಅದಕ್ಕೂ ಟ್ರಯಲ್ ಆಗ್ತಿತ್ತು."

ಅಕ್ಕ ಬಿದ್ದು ಬಿದ್ದು ನಕ್ಕರು. ಗಿಡ ಉಳಿಯಿತು. ಅಬ್ಬಾ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹೆಂಡತಿ ನನ್ನ ರೆಂಬೆಯನ್ನು ಎತ್ತಿಕೊಂಡಳು. ತುದಿಯಲ್ಲಿ, ಎಲೆಯ ಮರೆಯಲ್ಲಿ, ಕೆಂಪು ತುಟಿ ಬಿರಿಯುತ್ತಿದ್ದ ಮೊಗ್ಗು.

"ಈ ವರ್ಷ ಬಿಟ್ಟಿದ್ದು ಇದೊಂದೇ ಕಣ್ರೀ," ಎಂದಳು.

ಮರುದಿನ ಅಂಗಡಿಯಲ್ಲಿ ಟೇಪು ಕಾಣಲಿಲ್ಲ. ಮನೆಗೆ ಬಂದು ನೋಡಿದರೆ ಗಿಡದ ಸುತ್ತ ನಾಲ್ಕು ಕೋಲು ನೆಟ್ಟು ಆ ಟೇಪನ್ನೇ ಬೇಲಿಯಾಗಿ ಬಿಗಿದಿದ್ದಾಳೆ. ನಾನು ನೀರು ಹಾಕುವುದಿದ್ದರೆ ಅದರಾಚೆ ನಿಂತೇ ಹಾಕಬೇಕಂತೆ. ಅಂದಿನಿಂದ ಗಿರಾಕಿಗಳ ಅಳತೆಯನ್ನು ನಾನು ದಾರದಲ್ಲಿ ತೆಗೆಯುತ್ತಿದ್ದೇನೆ.