ಬೀಗದೊಳಗಿನ ಅಣ್ಣ

ಕಂದು ಚಪ್ಪಲಿ, ಹತ್ತನೇ ನಂಬರು. ಬಲಗಾಲಿನ ಉಂಗುಟಕ್ಕೆ ಮಾತ್ರ ಬಿಳಿ ದಾರದ ಹೊಲಿಗೆ.

ಅದು ನಮ್ಮಪ್ಪನದು. ಗುಡೇಕೋಟೆಯ ಮನೆಯಿಂದ ಅಪ್ಪನಿಗೂ ಹೇಳದೆ ತಂದು, ಹರಪನಹಳ್ಳಿಯ ನನ್ನ ಬಾಡಿಗೆ ಫ್ಲ್ಯಾಟಿನ ಬಾಗಿಲ ಹೊರಗೆ ಇಟ್ಟಿದ್ದೆ. ಒಬ್ಬಳೇ ಇರುವ ಹುಡುಗಿಯ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಕಂಡರೆ ಯಾರೂ ತೊಂದರೆ ಕೊಡುವುದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳಿಗೆ ಇಷ್ಟಾದರೂ ಬುದ್ಧಿ ಬೇಡವೇ!

ಫ್ಲ್ಯಾಟು ಬಸ್ ನಿಲ್ದಾಣದ ಎದುರಿಗೇ ಇದೆ. ಬೆಳಗಾದರೆ "ಕೊಟ್ಟೂರು, ಕೊಟ್ಟೂರು! ಹಡಗಲಿ, ಹಡಗಲಿ!" ಎಂದು ಕಂಡಕ್ಟರುಗಳು ಕರೆಯತೊಡಗುತ್ತಾರೆ. ಈ ಊರಿಗೆ ಬಂದ ಮೇಲೆ ನನ್ನನ್ನು ಎಲ್ಲಿಗಾದರೂ ಕರೆದವರೆಂದರೆ ಅವರೇ.

ಸಂಜೆ ಮಾತ್ರ ನಮ್ಮ ಮಹಡಿಯ ಹೆಂಗಸರು ನನ್ನ ಬಾಗಿಲ ಮುಂದಿನ ವರಾಂಡದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಒಳಗೆ ಚಹಾ ಹಿಡಿದು, ಬಾಗಿಲಿಗೆ ಕಿವಿಯಿಟ್ಟು, ಅವರ ಸೊಸೆಯಂದಿರ ಸಮಾಚಾರವನ್ನೆಲ್ಲ ತಿಳಿದುಕೊಳ್ಳುತ್ತಿದ್ದೆ. ಹೊರಗೆ ಹೋಗಿ ಕೂರಲು ಧೈರ್ಯವಿರಲಿಲ್ಲ. ನಾನು ಕೂತ ಕೂಡಲೇ ಮಾತು ನಿಂತುಬಿಟ್ಟರೆ?

ಚಪ್ಪಲಿ ಇಟ್ಟ ದಿನವೇ ಎದುರುಮನೆಯ ನೀಲಕ್ಕ ಕೇಳಿದರು. "ಯಾರು ಬಂದಾರವ್ವಾ?"

"ಅಣ್ಣ."

ನಾನು ಒಬ್ಬಳೇ ಮಗಳು!

"ಕಣ್ಣಿಗೇ ಬಿದ್ದಿಲ್ಲಲ್ಲ?"

"ರಾತ್ರಿ ಪಾಳಿ ಅಕ್ಕ. ಹಗಲೆಲ್ಲ ಮಲಗಿರ್ತಾನ."

ನೀಲಕ್ಕ ತಿರುಗಿ ನಿಂತು ಇಡೀ ಮಹಡಿಗೆ ಆಜ್ಞೆ ಹೊರಡಿಸಿದರು. "ಸದ್ದು ಮಾಡಬ್ಯಾಡ್ರಲೇ! ಮೇಡಂ ಅವರ ಅಣ್ಣ ಮಲಗ್ಯಾನ!"

ಟಿವಿಗಳು ಪಿಸುಗುಟ್ಟತೊಡಗಿದವು. ಗುರುತಿಲ್ಲದ ಗಂಡಸಿರುವ ಮನೆಯ ಮುಂದೆ ಕೂರುವುದು ಸರಿಯಲ್ಲವೆಂದು ಶೇಂಗಾ ಸಭೆ ಮೇಲಿನ ಮಹಡಿಗೆ ಸ್ಥಳಾಂತರಗೊಂಡಿತು. ಸಂಜೆ ಬಾಗಿಲಿಗೆ ಕಿವಿಯಿಟ್ಟರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಇಲ್ಲದ ಅಣ್ಣ ಇದ್ದವರನ್ನೂ ಓಡಿಸಿದ್ದ!

ಶನಿವಾರ ಸಂಜೆ ಚಪ್ಪಲಿ ಎತ್ತಿಟ್ಟು ಅವನನ್ನು ಊರಿಗೆ ಕಳಿಸಿಬಿಡುವುದೆಂದು ನಿಶ್ಚಯಿಸಿದೆ. ಆದರೆ ಶನಿವಾರ ಬೆಳಿಗ್ಗೆಯೇ, ಎಳೆದರೆ ತಾನೇ ಮುಚ್ಚಿಕೊಳ್ಳುತ್ತಿದ್ದ ಬಾಗಿಲ ಬೀಗ ಕೆಟ್ಟಿತು. ಹೊರಗಿನಿಂದ ದಪ್ಪ ಬೀಗವೊಂದನ್ನು ಜಡಿದು ಕಾಲೇಜಿಗೆ ಓಡಿದೆ. ಚಪ್ಪಲಿ ಅಲ್ಲೇ ಉಳಿಯಿತು.

ಮಧ್ಯಾಹ್ನ ಬಂದಾಗ ವರಾಂಡದ ತುಂಬ ಜನ. ನೀಲಕ್ಕನ ಗಂಡನ ಕೈಯಲ್ಲಿ ಸುತ್ತಿಗೆ. ನೀಲಕ್ಕ ಒಂದು ಕೈಯಲ್ಲಿ ರೊಟ್ಟಿಯ ತಟ್ಟೆ ಹಿಡಿದು ಕಿಟಕಿಗೆ ಬಾಯಿಟ್ಟು ಕೂಗುತ್ತಿದ್ದರು. "ತಮ್ಮಾ, ಹೆದರಬ್ಯಾಡ! ಕೀಲಿ ಒಡಿತೀವಿ!"

ನನ್ನನ್ನು ಕಂಡದ್ದೇ ತಡ, ಜನರತ್ತ ತಿರುಗಿದರು. "ಬಂದ್ಲು ನೋಡ್ರಿ! ಒಡಹುಟ್ಟಿದವನ್ನ ಒಳಗ ಹಾಕಿ ಕೀಲಿ ಜಡಿದು ಹೋಗ್ಯಾಳ! ರೊಟ್ಟಿ ಕೊಡಾಕ ಬಂದ್ರ ಒಳಗ ಉಸಿರಿಲ್ಲ, ಸುದ್ದಿಲ್ಲ!"

ಬೀಗ ತೆಗೆದೆ. ಇಡೀ ಮಹಡಿ ಒಳಗೆ ನುಗ್ಗಿತು. ನನ್ನ ಮನೆಗೆ ಮೊಟ್ಟಮೊದಲ ಅತಿಥಿಗಳು! ನೀಲಕ್ಕನ ಗಂಡ ಬಚ್ಚಲು ನೋಡಿದರು, ಮಂಚದ ಕೆಳಗೆ ಬಗ್ಗಿದರು. ನೀಲಕ್ಕ ಮಾತ್ರ ನಿಂತಲ್ಲೇ ನಿಂತು ಕಣ್ಣಾಡಿಸಿದರು. ಒಂದು ಲೋಟ. ಒಂದು ದಿಂಬು.

"ಅಣ್ಣ ಎಲ್ಲವ್ವಾ?"

"ಇಲ್ಲಕ್ಕ."

"ಎಲ್ಲಿ ಹೋಗ್ಯಾನ?"

"ಹುಟ್ಟೇ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ನೀಲಕ್ಕ ನಗಲಿಲ್ಲ. "ಒಬ್ಬಾಕಿನೇ ಅದೀನಿ ಅಂದಿದ್ರ ನಾವೇನು ತಿಂದುಬಿಡ್ತಿದ್ವೇನು?" ಎಂದು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ತಿನ್ನು. ಅಣ್ಣನ ಪಾಲೂ ನಿನಗ."

ಸಂಜೆ ಶೇಂಗಾ ಸಭೆ ಕೆಳಗಿಳಿದು ಬರಲಿಲ್ಲ. ಮೆಟ್ಟಿಲಿನಿಂದ ಯಾರದೋ ಅಣಕದ ಮಾತೊಂದೇ ಬಂತು: "ಮೆಲ್ಲಕ ನಡೀಲೇ, ಮೇಡಂ ಅವರ ಅಣ್ಣ ಎದ್ದಾನು!"

ಮರುದಿನ ಬೆಳಿಗ್ಗೆ ಅಪ್ಪನ ಚಪ್ಪಲಿಯ ಧೂಳು ಒರೆಸಿ ಒಳಗಿಟ್ಟೆ. ಬಾಗಿಲನ್ನು ಪೂರ್ತಿ ತೆರೆದೆ. ನೀಲಕ್ಕನ ತಟ್ಟೆಯನ್ನು ತೊಳೆದು, ಊರಿನಿಂದ ತಂದಿದ್ದ ಶೇಂಗಾವನ್ನು ಅದಕ್ಕೇ ಸುರಿದುಕೊಂಡು, ಖಾಲಿ ವರಾಂಡದ ನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ಒಂದು ಕಾಯಿ ಒಡೆದು ಎದುರಿನ ಬಾಗಿಲು ನೋಡಿದೆ. ಇನ್ನೊಂದನ್ನು ಸ್ವಲ್ಪ ಜೋರಾಗಿ ಒಡೆದೆ.