ಜಯಪಾಲನ ಶಿಟ್ಟಿ, ಭೂಪಾಲನ ಗಂಟೆ

ಆ ಊದುವ ಶಿಟ್ಟಿ ಭೂಪಾಲನ ಕೊರಳಿಗೇ ಬೀಳಬೇಕಿತ್ತು. ಬಿದ್ದದ್ದು ಜಯಪಾಲನ ಕೊರಳಿಗೆ! ಈ ಅನ್ಯಾಯವನ್ನು ಭೂಪಾಲ ಇವತ್ತಿಗೂ ಮರೆತಿಲ್ಲ. ಒಗ್ಗರಣೆ ಹಾಕುವಾಗ ಎಣ್ಣೆ ಸಿಡಿದರೆ ಅದಕ್ಕೂ ಆ ಶಿಟ್ಟಿಯೇ ಕಾರಣ, ಹಾಲು ಒಡೆದರೆ ಅದಕ್ಕೂ ಅದೇ!

ಚಿಕ್ಕೋಡಿಯಲ್ಲಿ ಕಾಲೇಜು ಹುಡುಗರಿಗಾಗಿ ಜೈನ ಸಮಾಜದವರು ನಡೆಸುತ್ತಿದ್ದ ಒಂದು ಬೋರ್ಡಿಂಗು. ಭೂಪಾಲ ಅಲ್ಲಿನ ಅಡಿಗೆಯವನು. ರೊಟ್ಟಿ ಬಡಿಯುವವಳು ಅವನ ಹೆಂಡತಿ ರಾಜಮತಿ. ಅಡಿಗೆಮನೆಯ ಹಿಂದಿನ ಕೋಣೆಯಲ್ಲೇ ಇಬ್ಬರ ಸಂಸಾರ. ಶೇಡಬಾಳದ ಜಯಪಾಲ ಅಲ್ಲಿನ ವಾಚಮನ್ನು. ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವನು. ಅವನ ಮೀಸೆ ಅವನಿಗಿಂತ ಮೊದಲು ಗೇಟು ದಾಟುತ್ತಿತ್ತು.

ಊರಿಗೆ ಬಣ್ಣದ ಟೀವಿ ಬಂದ ಹೊಸತು. ಬೋರ್ಡಿಂಗಿಗೂ ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂದಿತ್ತು. ಹಿಂದೆಯೇ ವಿಶ್ವವಿದ್ಯಾಲಯದ ಫರ್ಮಾನೂ ಬಂತು: ಬೆಂಕಿ ಬಿದ್ದರೆ ಹುಡುಗರು ಹೇಗೆ ಪಾರಾಗಬೇಕೆಂಬುದನ್ನು ಕಲಿಸಿ ಇಟ್ಟಿರಿ, ತಪಾಸಣೆಗೆ ಬರುತ್ತೇವೆ. ಸಂಸ್ಥೆಯ ಅಧ್ಯಕ್ಷ ಆಬಾಸಾಹೇಬರು ಎಲ್ಲರನ್ನೂ ಪಡಸಾಲೆಗೆ ಕರೆಸಿದರು. ಕೆಂಪು ದಾರದ ಹಿತ್ತಾಳೆ ಶಿಟ್ಟಿ ಕೈಯಲ್ಲಿ ಹಿಡಿದಿದ್ದರು. ಭೂಪಾಲ ಅಂಗಿಯ ಗುಂಡಿ ಸರಿಮಾಡಿಕೊಂಡು, ಕೊರಳು ಚಾಚಿ, ಎರಡು ಹೆಜ್ಜೆ ಮುಂದೆಯೂ ಬಂದ!

"ಜಯಪಾಲಾ, ಇನ್ ಮ್ಯಾಲಿಂದ ಆಪತ್ತಿನ ಜವಾಬ್ದಾರಿ ನಿಂದು" ಎಂದರು ಆಬಾಸಾಹೇಬರು. "ತಪಾಸಣಿ ಸುಸೂತ್ರ ಆತಂದ್ರ ಅಡಿಗಿಮನಿ ಉಸ್ತುವಾರೀನೂ ನಿನಗ ಕೊಡ್ತೀವಿ. ಬೆಂಕಿ ಹುಟ್ಟೂದು ಅಲ್ಲೇ ಅಲ್ಲೇನು?"

ಭೂಪಾಲನ ಹೊಟ್ಟೆಯಲ್ಲಿ ಬೆಂಕಿ ಅಲ್ಲಿಯೇ, ಆಗಲೇ ಹುಟ್ಟಿತು. ಅಡಿಗೆಮನೆ ಅವನ ರಾಜ್ಯ, ಸಟ್ಟುಗ ಅವನ ರಾಜದಂಡ. ಗೇಟು ಕಾಯುವವನ ಅಪ್ಪಣೆ ಕೇಳಿ ಇನ್ನು ಸಾರಿಗೆ ಉಪ್ಪು ಹಾಕಬೇಕೇ?

"ಶಿಟ್ಟಿ ಊದಾಕ ಮಿಲಿಟರಿ ಯಾಕ ಬೇಕ? ನನ್ನ ಬಾಯಾಗ ಗಾಳಿ ಇಲ್ಲೇನು?" ಎಂದು ಹೆಂಡತಿಯ ಮುಂದೆ ಗುಡುಗಿದ.

"ಗಾಳಿ ಭಾಳ ಐತ್ರಿ. ಅದಕ್ಕ ಕೊಟ್ಟಿಲ್ಲ."

"ಏನಂದಿ?"

"ಹಿಟ್ಟ ಹದಾ ಆತ ಅಂದೆರಿ."

ಜಯಪಾಲ ಸುಮ್ಮನೆ ಕೂರುವ ಆಸಾಮಿಯಲ್ಲ. ಕೆಂಪು ಬಕೆಟ್ಟುಗಳಿಗೆ ಉಸುಕು ತುಂಬಿ ಸಾಲಾಗಿ ತೂಗುಹಾಕಿದ. ಶಿಟ್ಟಿ ಊದಿದೊಡನೆ ಹೊಗೆಯಲ್ಲಿ ಬಗ್ಗಿ, ಮುಂದಿನವನ ಹೆಗಲು ಹಿಡಿದು ಬಯಲಿಗೆ ನಡೆಯುವುದನ್ನು ಹುಡುಗರಿಗೆ ಕಲಿಸಿದ. ಡಿಗ್ರಿ ಓದುವ ಹುಡುಗರು ಅವನಿಗೆ ಸೆಲ್ಯೂಟು ಹೊಡೆಯತೊಡಗಿದರು! ಭೂಪಾಲನಿಗೆ ಹೊಡೆಯುತ್ತಿದ್ದದ್ದು "ಸಾರ ನೀರಾಗೈತಲ್ಲೋ ಕಾಕಾ" ಎಂಬ ಮಾತು ಮಾತ್ರ.

ಅದನ್ನೂ ಸಹಿಸಿಯಾನು. ಆದರೆ ರಾಜಮತಿಯೂ ಕಲಿಯಲು ಹೋದಳು. ಬರುವಾಗ ಮುಖ ಅರಳಿತ್ತು.

"ಸೀರಿಗೆ ಬೆಂಕಿ ತಗುಲಿದ್ರ ಓಡಬಾರದಂತ್ರಿ, ನೆಲದ ಮ್ಯಾಲ ಉರುಳಬೇಕಂತ. ಗ್ಯಾಸಿನ ವಾಸನಿ ಬಂದ್ರ ಲೈಟಿನ ಬಟನ್ ಮುಟ್ಟಬಾರದಂತ, ಮೊದಲ ಕಿಡಕಿ ತಗೀಬೇಕಂತ. ಜಯಪಾಲಣ್ಣ ಎಷ್ಟ ಚೊಲೊ ತಿಳಿಸಿ ಹೇಳ್ತಾನ!"

"ಜಯಪಾಲಣ್ಣ, ಜಯಪಾಲಣ್ಣ! ಮದಿವ್ಯಾಗಿ ಇಷ್ಟ ವರ್ಷಾತು, ನಾ ಹೇಳಿದ್ದ ಒಂದರ ನಿನ್ನ ತಲ್ಯಾಗ ಉಳದೈತೇನು?"

"ಅಂವಾ ಒಮ್ಮೆ ಹೇಳ್ತಾನ್ರಿ, ತಲ್ಯಾಗ ಉಳೀತೈತಿ. ನೀವು ಒದರ್ತೀರಿ, ಕಿವ್ಯಾಗ ಉಳೀತೈತಿ."

ಅಂದು ಸಂಜೆ ಭೂಪಾಲ ಬಾಗಿಲ ಸಂದಿಯಿಂದ ನೋಡಿದ. ಜಯಪಾಲನ ತಾಟಿನಲ್ಲಿ ರೊಟ್ಟಿಯ ಮೇಲೆ ತುಪ್ಪ ಹೊಳೆಯುತ್ತಿತ್ತು. ತನ್ನ ರೊಟ್ಟಿಯನ್ನು ಇಳಿಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದ. ಅಷ್ಟು ಹೊಳಪು ಕಾಣಲಿಲ್ಲ!

ಮರುದಿನ ಜಯಪಾಲ ಅಡಿಗೆಮನೆಯ ಹಿಂಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಬಾಣ ಬರೆದ. "ಭೂಪಾಲಣ್ಣಾ, ಇದು ಪಾರಾಗೂ ಬಾಗಲ. ಇದಕ್ಕ ಎಂದೂ ಕೀಲಿ ಹಾಕಬ್ಯಾಡ್ರಿ" ಎಂದು ವಿನಯದಿಂದಲೇ ಹೇಳಿದ.

ನನ್ನ ಬಾಗಿಲಿಗೆ ಇವನ ಬಾಣ! ಭೂಪಾಲ ನೆಟ್ಟಗೆ ಪೇಟೆಗೆ ಹೋಗಿ, ಒತ್ತಿದರೆ ತಾನೇ ಬೀಳುವಂಥ ಭಾರದ ಕೀಲಿ ತಂದು ಹಿಂಬಾಗಿಲ ಹೊರಗಡೆಯ ಕೊಂಡಿಗೆ ತೂಗುಹಾಕಿದ. ಅದರ ಕೀಲಿಕೈಯನ್ನು ಉಡದಾರಕ್ಕೆ ಗಂಟು ಹಾಕಿಕೊಂಡ. "ಹೊರಗ ಹೋಗುವಾಗ ಕೀಲಿ ಒತ್ತಿ ಹೋಗಬೇಕು. ಮರತಿ ಅಂದ್ರ ನೋಡು!" ಎಂದು ರಾಜಮತಿಗೆ ತಾಕೀತು ಮಾಡಿದ. ಮುಂದುವರಿದು ಒಂದು ಪ್ರತಿಜ್ಞೆಯನ್ನೂ ಮಾಡಿದ: "ತಪಾಸಣಿ ದಿನಾ ನೋಡಾಕೀಯಂತ! ಅವನ ಶಿಟ್ಟಿ ಸೊಳ್ಳಿ ಸಪ್ಪಳಾ ಆಗಬೇಕು. ನನ್ನ ಗಂಟಿ ಬಸ್‌ಸ್ಟ್ಯಾಂಡಿನ ತನಕ ಕೇಳ್ತೈತಿ. ನಾ ಗಂಟಿ ಹೊಡದು ಇಡೀ ಬೋರ್ಡಿಂಗ ಪಾರ ಮಾಡ್ತೇನಿ!"

ಗಂಟೆಯ ಮಾತು ಸುಳ್ಳಲ್ಲ. ಅದಕ್ಕಿದ್ದ ಮಹಿಮೆಯೇ ಬೇರೆ. ಜೈನರ ನೇಮದಂತೆ ಆ ಬೋರ್ಡಿಂಗಿನಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಸಂಜೆ ಭೂಪಾಲ ಗಂಟೆ ಹೊಡೆದನೆಂದರೆ ಅದೇ ಕೊನೆಯ ಕರೆ. ಆಮೇಲೆ ಬೆಳತನಕ ಖಾಲಿ ಹೊಟ್ಟೆ! ತಾನು ಇಷ್ಟು ವರ್ಷ ಕೈಯಾರೆ ಮೂಡಿಸಿದ ಈ ಅಭ್ಯಾಸ, ಪ್ರತಿಜ್ಞೆಯ ಭರದಲ್ಲಿ ಅವನಿಗೇ ನೆನಪಾಗಲಿಲ್ಲ.

ತಪಾಸಣೆಯ ದಿನ ವಿಶ್ವವಿದ್ಯಾಲಯದ ಸಾಹೇಬರು ಮಧ್ಯಾಹ್ನ ಬರಬೇಕಾದವರು, ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿ ಸಂಜೆ ಮಾಡಿಕೊಂಡು ಬಂದರು. ಸಾಹೇಬರು ಬರುವ ತನಕ ಊಟ ಬೇಡವೆಂದು ಆಬಾಸಾಹೇಬರ ಅಪ್ಪಣೆಯಾಗಿತ್ತು. ಹುಡುಗರೆಲ್ಲ ತಮ್ಮ ತಮ್ಮ ಖೋಲಿಗಳಲ್ಲಿ ಹಸಿದು, ಕಿಟಕಿಯಿಂದ ಇಳಿಯುವ ಸೂರ್ಯನನ್ನೇ ನೋಡುತ್ತಿದ್ದರು.

ಊಟದ ಪಡಸಾಲೆಯ ಮುಂಬಾಗಿಲ ಹೊರಗೆ ಜಯಪಾಲ ಹಳೆಯ ಡಬ್ಬಿಯೊಂದರಲ್ಲಿ ಹಸಿ ರವದಿ, ಅಂದರೆ ಕಬ್ಬಿನ ಗರಿ, ತುಂಬಿ ಹೊಗೆ ಎಬ್ಬಿಸಿದ. ಹೊಗೆ ತೆಳ್ಳಗೆ, ಊದುಬತ್ತಿಯ ಹಾಗೆ ಏಳತೊಡಗಿತು.

"ಇದೊಂದ ಹೊಗಿ ಏನು?" ಎಂದು ಭೂಪಾಲ ಹಲ್ಲು ಕಡಿದ. ತನ್ನ ಗಂಟೆಯ ಪ್ರತಾಪಕ್ಕೆ ಇಂಥ ಬಡಕಲು ಹೊಗೆ ಸಾಲದು! ಜಯಪಾಲ ಸಾಹೇಬರನ್ನು ಕರೆತರಲು ಗೇಟಿನ ಕಡೆ ತಿರುಗಿದ್ದೇ ತಡ, ಭೂಪಾಲ ಒಂದು ಬೊಗಸೆ ಒಣಮೆಣಸಿನಕಾಯಿ ತಂದು ಡಬ್ಬಿಗೆ ಸುರಿದ. ಒಳಗೆ ಓಡಿ, ಪಡಸಾಲೆಯ ಗಂಟೆಯ ಹಗ್ಗ ಹಿಡಿದು, ಜಯಪಾಲ ಶಿಟ್ಟಿಗೆ ಬಾಯಿ ಹಚ್ಚುವ ಮೊದಲೇ ಬಾರಿಸಿಬಿಟ್ಟ. ಢಣ್! ಢಣ್! ಢಣ್!

ಇಡೀ ಬೋರ್ಡಿಂಗು ಎದ್ದು ಓಡಿತು. ಬಯಲಿಗಲ್ಲ, ಪಡಸಾಲೆಗೆ! ಕೈಯಲ್ಲಿ ತಾಟು ಹಿಡಿದು! "ಪಳಾ ರೇ ಪಳಾ, ಓಡ್ರೋ, ಹೊತ್ತ ಮುಳಗಾಕತ್ತೈತಿ!" ಎಂದು ಒಬ್ಬರನ್ನೊಬ್ಬರು ನೂಕುತ್ತ, ಡಬ್ಬಿಯನ್ನೇ ಜಿಗಿದು ಒಳಗೆ ಬಂದು ಸಾಲುಗಟ್ಟಿ ಕುಳಿತರು. ಆಬಾಸಾಹೇಬರಾದರೂ ಏನು ಕಡಿಮೆ? ನಿಷ್ಠೆಯ ಮನುಷ್ಯ, ಬೆಳಿಗ್ಗೆಯಿಂದ ಉಪವಾಸ. ಸಾಹೇಬರ ಕೈ ಬಿಟ್ಟು, ಧೋತರ ಎತ್ತಿ ಹಿಡಿದು, ಬಂದು ಮೊದಲ ಮಣೆ ಹಿಡಿದರು!

"ಏಳ್ರೀ! ಊಟಕ್ಕಲ್ಲ, ಬೆಂಕಿ! ಬೆಂಕಿ ಬಿದ್ದೈತಿ!" ಎಂದು ಭೂಪಾಲ ಒದರಿದ.

"ಬಡಸೋ ಮೊದಲ, ಬೆಂಕಿ ಆಮ್ಯಾಲ ನೋಡೂಣು" ಎಂದರು ಆಬಾಸಾಹೇಬರು.

ಹೊರಗೆ ಜಯಪಾಲ ಕೆನ್ನೆ ಉಬ್ಬಿಸಿ ಶಿಟ್ಟಿ ಊದುತ್ತಲೇ ಇದ್ದ. ಅದನ್ನು ಕೇಳಿದ್ದು ಒಬ್ಬಳೇ. ರಾಜಮತಿ! ಒಲೆ ಆರಿಸಿ, ಸಿಲಿಂಡರಿನ ಗುಬುಟು ತಿರುವಿ ಗ್ಯಾಸ್ ಬಂದ್ ಮಾಡಿ, ಕಲಿಸಿದಂತೆಯೇ ಬಗ್ಗಿ ಹಿಂಬಾಗಿಲಿಂದ ಹೊರಗೆ ಹೋದಳು. ಗಂಡನ ತಾಕೀತನ್ನೂ ಮರೆಯಲಿಲ್ಲ. ಕೀಲಿ ಒತ್ತಿ, ಜಗ್ಗಿ ನೋಡಿ, ಬಯಲಿಗೆ ಹೋಗಿ ನಿಂತಳು.

ಅಷ್ಟರಲ್ಲಿ ಮೆಣಸಿನಕಾಯಿಗೆ ಬೆಂಕಿ ಹತ್ತಿತು. ಗಾಳಿಯೂ ಜಯಪಾಲನ ಪಕ್ಷದ್ದೇ ಇರಬೇಕು, ಘಾಟನ್ನೆಲ್ಲ ಒಳಕ್ಕೇ ನೂಕಿತು. ಆಬಾಸಾಹೇಬರು ಸೀನಿದ ರಭಸಕ್ಕೆ ಟೊಪ್ಪಿಗೆ ಹಾರಿ ಸಾರಿನ ಕೊಳಗದಲ್ಲಿ ಬಿತ್ತು. ಹುಡುಗರು ಕೆಮ್ಮುತ್ತ, ತಾಟು ಮುಖಕ್ಕೆ ಹಿಡಿದು ಹಿಂಬಾಗಿಲಿಗೆ ನುಗ್ಗಿದರು. ಬಾಣವೇನೋ ದಾರಿ ತೋರಿಸಿತು. ಬಾಗಿಲು ತೆರೆಯಲಿಲ್ಲ!

ಭೂಪಾಲ ಕಿಟಕಿಯ ಸರಳು ಹಿಡಿದು ಅರಚಿದ: "ಏ ಇಕಿನ! ಬಾಗಲಾ ತಗಿ!"

ರಾಜಮತಿ ಬಯಲಿನಿಂದ ಓಡಿ ಬಂದಳು. "ಹೆಂಗ ತಗೀಲಿ? ಕೀಲಿ ಒತ್ತೇನಿ!"

"ಯಾಂವ ಒತ್ತಂದಾಂವ?"

"ನೀವ ಅಂದ್ರಿ! ನಿಮ್ಮ ಮಾತ ಇವತ್ತರ ತಲ್ಯಾಗ ಉಳದೈತೋ ಇಲ್ಲೋ?"

"ನನ್ನ ಜೀವಾ ಹೋಗಾಕತ್ತೈತಿ, ನಿನಗ ಮಾತ ಬರಾಕತ್ತಾವ! ಕೀಲಿಕೈ ಎಲ್ಲೈತಿ?"

"ನಿಮ್ಮ ಉಡದಾರಕ್ಕ ಐತಲ್ರೀ! ಬಿಚ್ಚಿ ಕೊಡ್ರಿ ಲಗೂ!"

ಕಣ್ಣಲ್ಲಿ ಧಾರಾಕಾರ ನೀರು. ಬೆರಳುಗಳಲ್ಲಿ ಮೆಣಸಿನಕಾಯಿಯ ಖಾರ. ಬೆರಳು ಉಡದಾರಕ್ಕಿಂತ ಮೊದಲು ಕಣ್ಣಿಗೆ ಹೋಯಿತು. ಆಮೇಲೆ ಅವನಿಗೆ ಗಂಟು ಯಾವುದು, ಹೊಕ್ಕಳು ಯಾವುದು ಎಂಬುದೇ ತಿಳಿಯದಾಯಿತು!

ಆಗ ಜಯಪಾಲ ಒದ್ದೆ ಕಂಬಳಿ ಹೊದ್ದು ಮುಂಬಾಗಿಲಿಗೆ ಬಂದ. ಡಬ್ಬಿಯನ್ನು ದೂರ ಒದ್ದು ಅದರ ಮೇಲೆ ಉಸುಕು ಸುರಿದ. "ಬಗ್ಗರಿ! ಮುಂದಿನಾವನ ಹೆಗಲಾ ಹಿಡೀರಿ! ಯಾರೂ ನೂಕಬ್ಯಾಡ್ರಿ!" ಎಂದ. ಹುಡುಗರು ಮುಂಬಾಗಿಲಿಂದ ಸಾಲಾಗಿ ಹೊರಬಿದ್ದರು. ಆಬಾಸಾಹೇಬರೂ ಹೊರಬಿದ್ದರು. ಒಳಗೆ ಉಳಿದದ್ದು, ಎರಡೂ ಕಣ್ಣು ಮುಚ್ಚಿ ಸರಳಿಗೆ ಜೋತುಬಿದ್ದ ಭೂಪಾಲ.

"ಜಯಪಾಲಾ! ನನ್ನ ಬಿಟ್ಟ ಹೋಗಬ್ಯಾಡೋ ಮಾರಾಯಾ! ನನ್ನ ಕೈಯಾರೆ ಹೋಳಿಗಿ ಮಾಡಿ, ತುಪ್ಪಾ ಸುರದು, ಎಲ್ಲಾರ ಮುಂದ ನಿನಗ ಬಡಸ್ತೇನೋ!"

ಜಯಪಾಲ ಬಗ್ಗಿ ಒಳಗೆ ಬಂದ. ಜೋಳದ ಚೀಲದಂತೆ ಅವನನ್ನು ಹೆಗಲಿಗೇರಿಸಿ, ಇಡೀ ಬೋರ್ಡಿಂಗಿನ ಎದುರು, ಅದರಲ್ಲೂ ರಾಜಮತಿಯ ಎದುರು, ಬಯಲಿಗೆ ಹೊತ್ತು ತಂದ. ಭೂಪಾಲನಿಗೆ ನಿಜವಾಗಿಯೂ ಎಚ್ಚರ ತಪ್ಪಿದ್ದರೆ ಒಳ್ಳೆಯದಿತ್ತು. ತಪ್ಪಿರಲಿಲ್ಲ. ಕಣ್ಣು ಬಿಟ್ಟರೆ ಹೆಂಡತಿಯ ಮುಖ ನೋಡಬೇಕು, ಅದಕ್ಕೆ ಮುಚ್ಚಿಕೊಂಡೇ ಮಲಗಿದ.

ತಪಾಸಣೆ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಬಂದರು. ಆಬಾಸಾಹೇಬರು ಕ್ಷಮೆ ಕೇಳಲು ಕೈ ಜೋಡಿಸಿದರು.

"ಆಬಾಸಾಹೇಬ್ರ, ಇಷ್ಟೊಂದ ಹಾಸ್ಟೆಲ್ ನೋಡೇನಿ, ಇಂಥಾ ಖರೇಖರೇ ಪ್ರಯೋಗ ಎಲ್ಲೂ ನೋಡಿಲ್ಲ! ಖಾರದ ಹೊಗಿ, ನೂಕಾಟ, ಗಡಬಡಿ, ಏನ ತಯಾರೀರಿ! ಅದರಾಗ ಎಚ್ಚರ ತಪ್ಪಿದಾವನ ಪಾರ್ಟ ಮಾಡಿದಾರಲ್ಲ, ಈ ಅಡಿಗಿಯವರು, ನೋಡ್ರಿ, ಇನ್ನೂ ಕಣ್ಣ ತಗದಿಲ್ಲ! ಪ್ರತಿ ವರ್ಷ ಇದ ಪಾರ್ಟ ಇವರಿಗೇ ಕೊಡ್ರಿ."

ಅಡಿಗೆಮನೆಯ ಉಸ್ತುವಾರಿ ಅಲ್ಲೇ, ಆ ಬಯಲಿನಲ್ಲೇ ಜಯಪಾಲನಿಗೆ ಹೋಯಿತು. ಅಂದು ಯಾರಿಗೂ ಊಟವಿಲ್ಲ, ಹೊತ್ತು ಮುಳುಗಿತ್ತು. ರಾಜಮತಿ ಗಂಡನ ಕಣ್ಣಿಗೆ ಹಾಲಿನ ಬಟ್ಟೆ ಇಡುತ್ತ, "ಕೊಟ್ಟ ಮಾತ ಉಳಿಸ್ಕೋರಿ, ಎಲ್ಲಾರೂ ಕೇಳ್ಯಾರ" ಎಂದಳು. ಭೂಪಾಲ ಗೋಡೆಯ ಕಡೆ ಮಗ್ಗಲಾದ.

ಅಂದಿನಿಂದ ವರ್ಷ ವರ್ಷವೂ ಪ್ರಯೋಗ ನಡೆಯುತ್ತದೆ. ವರ್ಷ ವರ್ಷವೂ ಭೂಪಾಲ ಪಡಸಾಲೆಯಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ. ಜಯಪಾಲ ಬಂದು ಹೆಗಲಿಗೇರಿಸುತ್ತಾನೆ, ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಬಯಲಿಗೆ ನಡೆಯುವಾಗ ಅವನು ಯಾರಿಗೂ ಕೇಳದಂತೆ ಮೆಲ್ಲಗೆ ಒಂದು ಮಾತು ಕೇಳುತ್ತಾನೆ:

"ಭೂಪಾಲಣ್ಣಾ, ಹೋಳಿಗಿ ಯಾವಾಗ್ರಿ?"

ಎಚ್ಚರ ತಪ್ಪಿದವನು ಮಾತಾಡುವುದಾದರೂ ಹೇಗೆ? ಭೂಪಾಲ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ.